ನರಿ ತಿರುಗಿ ನಿಂತ ಊರಲ್ಲಿ ನಾಯಿ ಬಿಡಲು ಜಾಗ

ಊರಿಗೆ ಹೋದಾಗಲೆಲ್ಲ ನಮ್ಮ ಮನೆ ನಾಯಿಯನ್ನು ಓಡಾಡಿಸಿಕೊಂಡು ಬರುವ ಕೆಲಸ ನನ್ನದು. ಅದು ಮುಧೋಳ ತಳಿಯ ಬೆರಕೆ. ಉದ್ದ ಕಾಲು, ಬೆನ್ನಿಗಂಟಿದ ಹೊಟ್ಟೆ. ಚೈನು ಹಿಡಿದು ಎಷ್ಟು ನಡೆಸಿದರೂ ಅದಕ್ಕೆ ಸಮಾಧಾನವಿಲ್ಲ, ಓಡಲೇಬೇಕು. ಬೆಂಗಳೂರಲ್ಲಿ ದಿನವಿಡೀ ಕುರ್ಚಿಗೆ ಅಂಟಿಕೊಂಡು ಕೋಡ್ ಬರೆಯುವ ನನಗೆ ಅದರ ಕಷ್ಟ ಚೆನ್ನಾಗಿ ಅರ್ಥವಾಗುತ್ತೆ :)

ಬೀದರ್ ಸುತ್ತಮುತ್ತ ಚೈನು ಬಿಚ್ಚಿ ಬಿಡುವಂಥ ಜಾಗ ಎಲ್ಲಿದೆ ಅಂತ ಹುಡುಕಲು ಹೊರಟವನು ಇತಿಹಾಸದೊಳಗೆ ಹೋಗಿ ಸಿಕ್ಕಿಕೊಂಡೆ. ಯಾಕೆಂದರೆ ನಮ್ಮೂರು ರಾಜಧಾನಿಯಾದ ಕಥೆ ಶುರುವಾಗೋದೇ ಬಿಟ್ಟ ನಾಯಿಯಿಂದ.

ಕಥೆ ಇಷ್ಟು. ಕಲಬುರಗಿಯಿಂದ ಆಳುತ್ತಿದ್ದ ಬಹಮನಿ ಸುಲ್ತಾನ ಅಹ್ಮದ್ ಶಾ ಈ ಕಡೆ ಬೇಟೆಗೆ ಬಂದಿದ್ದ. ಅವನ ಬೇಟೆನಾಯಿ ಒಂದು ನರಿಯನ್ನು ಅಟ್ಟಿಸಿಕೊಂಡು ಹೋಯಿತು. ಓಡುತ್ತಿದ್ದ ನರಿ ಇದ್ದಕ್ಕಿದ್ದಂತೆ ತಿರುಗಿ ನಿಂತು ನಾಯಿಯ ಮೇಲೇ ಎರಗಿತು. ನರಿಗೇ ಇಷ್ಟು ಧೈರ್ಯ ಕೊಡುವ ಮಣ್ಣು ಅಂದುಕೊಂಡು ಸುಲ್ತಾನ ಇಲ್ಲೇ ರಾಜಧಾನಿ ಕಟ್ಟಿದನಂತೆ.

ಅಹ್ಮದ್ ಶಾ ಪಟ್ಟಕ್ಕೆ ಬಂದದ್ದು 1422ರಲ್ಲಿ, ಸತ್ತದ್ದು 1436ರಲ್ಲಿ. ರಾಜಧಾನಿ ಬೀದರಿಗೆ ಬಂದದ್ದು ಈ ನಡುವೆ. ಅಷ್ಟು ನಿಜ. ನರಿಯ ವಿಷಯಕ್ಕೆ ಬಂದರೆ ಸ್ವಲ್ಪ ಅನುಮಾನ. ಹಂಪಿಯಲ್ಲಿ ಹಕ್ಕ-ಬುಕ್ಕರ ನಾಯಿಗಳ ಮೇಲೆ ಮೊಲ ತಿರುಗಿ ಬಿದ್ದ ಕಥೆ ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ. 1411ರಲ್ಲಿ ಅಹಮದಾಬಾದ್ ಕಟ್ಟಿದ ಗುಜರಾತಿನ ಇನ್ನೊಬ್ಬ ಅಹ್ಮದ್ ಶಾನಿಗೂ ಇಂಥದೇ ಮೊಲದ ಕಥೆ ಇದೆ. ಮೂರು ಊರು, ಒಂದೇ ಕಾಪಿ-ಪೇಸ್ಟ್! ಎತ್ತರದ ಜಂಬಿಟ್ಟಿಗೆ ಕಲ್ಲಿನ ದಿಣ್ಣೆ, ರಾಜ್ಯದ ನಡುಮಧ್ಯದ ಜಾಗ... ಇವೇ ಸುಲ್ತಾನನ ನಿಜವಾದ ಕಾರಣಗಳಿರಬೇಕು ಅನ್ನಿಸುತ್ತೆ.

ಆದರೆ ಕಥೆಯೊಳಗೆ ಒಂದು ಮಾತು ಅಡಗಿದೆ. ಆ ಕಾಲದಲ್ಲಿ ನಾಯಿಯನ್ನು ಬಿಡುತ್ತಿದ್ದದ್ದು ವ್ಯಾಯಾಮಕ್ಕಲ್ಲ, ಬೇಟೆಗೆ. ನಮ್ಮ ಮುಧೋಳವೂ ಅದಕ್ಕೇ ಬೆಳೆಸಿದ ತಳಿ. ಮೂಸಿ ಹುಡುಕುವುದಕ್ಕಿಂತ ಕಣ್ಣಲ್ಲಿ ಕಂಡದ್ದನ್ನು ಬೆನ್ನಟ್ಟುವ ಜಾತಿ. 2005ರಲ್ಲಿ ಇದರ ಚಿತ್ರವಿದ್ದ ಅಂಚೆಚೀಟಿ ಬಂದಾಗ ಖುಷಿಪಟ್ಟವರು ನಾವೇ. ಆದರೆ ಹೊಲದಾಚೆ ಏನಾದರೂ ಓಡಿತೋ, ಈ ನಾಯಿಗೆ ನಮ್ಮ ಕೂಗು ಕೇಳುವುದಿಲ್ಲ.

ಇದು ನನಗೆ ಗೊತ್ತಾದದ್ದು ಔರಾದ ತಾಲೂಕಿನ ಅತ್ತೆಯ ಊರಲ್ಲಿ. ಊರಾಚೆ ಗಾಯರಾಣ, ಬೆಳಿಗ್ಗೆ ಯಾರೂ ಇರಲಿಲ್ಲ, ಚೈನು ಬಿಚ್ಚಿದೆ. ಎರಡು ನಿಮಿಷ ಸ್ವರ್ಗ. ಆಮೇಲೆ ತೊಗರಿ ಕೊಯ್ದ ಹೊಲದಿಂದ ಜಿಂಕಿ ಹಿಂಡೊಂದು ಎದ್ದಿತು. ನಮ್ಮ ಕಡೆ ಕೃಷ್ಣಮೃಗಕ್ಕೆ ಜಿಂಕಿ ಅಂತಲೇ ಅನ್ನೋದು. ದೊಡ್ಡವು ಹಾರಿಹೋದವು, ಒಂದು ಮರಿ ಹಿಂದೆ ಉಳಿಯಿತು. ನಾನು ಹೆಸರು ಕೂಗುತ್ತ ಓಡಿದೆ, ಚಪ್ಪಲಿ ಕಿತ್ತುಹೋಯಿತು. ಮರಿ ಕಂಟಿಯೊಳಗೆ ನುಗ್ಗಿ ತಪ್ಪಿಸಿಕೊಂಡಿತು. ನಾಯಿ ನಾಲಿಗೆ ಚಾಚಿ ಬಾಲ ಆಡಿಸುತ್ತ ವಾಪಸ್ ಬಂತು. ನೋಡುತ್ತಿದ್ದ ಕುರಿಗಾರ ಅಜ್ಜ ಹೇಳಿದ್ದು ಒಂದೇ ಮಾತು: "ಜಿಂಕಿ ಕಂಡ್ರ ನಾಯಿಗಿ ಧಣಿ ಮಾತ್ ಎಲ್ಲಿ ಕೇಳಸ್ತದ್ರಿ? ಕಟ್ಟಿ ಹಿಡೀರಿ."

ಅಂಥ ಪ್ರಾಣಿ ಕಚ್ಚಿಸಿಕೊಳ್ಳದಿದ್ದರೂ ಅಟ್ಟಿಸಿಕೊಂಡ ಗಾಬರಿಗೇ ಸಾಯಬಹುದು ಅಂತ ಆಮೇಲೆ ಓದಿದೆ. ಆ ಮರಿ ಉಳಿಯಿತೋ ಇಲ್ಲವೋ, ಇವತ್ತಿಗೂ ನೆನಪಾಗುತ್ತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲನೇ ಪಟ್ಟಿಯಲ್ಲಿದೆ. ಕೊಲ್ಲುವುದಷ್ಟೇ ಅಲ್ಲ, ಅಟ್ಟುವುದೂ ಆ ಕಾಯ್ದೆಯ ಪ್ರಕಾರ ಬೇಟೆಯೇ. ಸುಲ್ತಾನನಿಗೆ ಶೌರ್ಯವಾಗಿದ್ದದ್ದು ನಮಗೆ ಅಪರಾಧ. ಸರಿಯಾಗಿಯೇ ಇದೆ.

ಗಾಯರಾಣ ಸರಕಾರಿ ಜಮೀನಾದರೂ ಊರ ದನ ಮೇಯಲು ಬಿಟ್ಟದ್ದು. ದೇವಣಿ ದನಗಳ ಸೀಮೆ ಅದು, ಕರು ಕುರಿಗಳ ನಡುವೆ ನಮ್ಮ ನಾಯಿಗೇನು ಕೆಲಸ?

ಹಾಗಾದರೆ ಬೀದರ್ ಕೋಟೆ? ದಕ್ಷಿಣಕ್ಕೆ ಬಂಡೆಯಲ್ಲೇ ಕೊರೆದ ಮೂರು ಸಾಲಿನ ಕಂದಕ, ಒಳಗೆ ವಿಶಾಲ ಬಯಲು. ನೋಡಿದರೆ ನಾಯಿ ಓಡಿಸಲಿಕ್ಕೇ ಮಾಡಿದ ಹಾಗಿದೆ. ಆಗದು. ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದೊಳಗೆ ಪ್ರಾಣಿ ತರಬಾರದೆಂದು 1959ರ ನಿಯಮವೇ ಹೇಳುತ್ತದೆ. ಅಷ್ಟೂರಿನಲ್ಲಿ ಇದೇ ಅಹ್ಮದ್ ಶಾ ಮಲಗಿರುವ ಗೋರಿಗಳ ಅಂಗಳಕ್ಕೂ ಅದೇ ಮಾತು. ನಾಯಿ ಬಿಟ್ಟು ಊರು ಕಟ್ಟಿದವನ ಬಾಗಿಲಿಗೆ ಈಗ ನಾಯಿಗೆ ಪ್ರವೇಶವಿಲ್ಲ!

ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಹತ್ತಿರದ ಕಾರಂಜಾ ಜಲಾಶಯ ನೆನಪಾಯಿತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ದೊಡ್ಡ ಬಯಲು. ಆದರೆ ಇಂಥ ದಂಡೆಗಳಲ್ಲೇ ಟಿಟ್ಟಿಭದಂಥ ಹಕ್ಕಿಗಳು ನೆಲದ ಮೇಲೆ ಮೊಟ್ಟೆ ಇಡೋದು, ಕುರಿ ಮೇಯೋದು. ಅದನ್ನೂ ಬಿಟ್ಟೆ.

ಕೊನೆಗೆ ಜಾಗ ಸಿಕ್ಕಿದ್ದು ಭಾಲ್ಕಿ ಹತ್ತಿರ ನಮ್ಮ ಕಾಕಾನ ಮಾವಿನ ತೋಟದಲ್ಲಿ. ಸುತ್ತ ಜಾಲರಿ ತಂತಿ ಬೇಲಿ, ಒಂದೇ ಗೇಟು. ಮೊದಲು ಕಾಕಾನನ್ನು ಕೇಳಬೇಕು, ಆಮೇಲೆ ಬೇಲಿ ಸುತ್ತ ಒಂದು ಸುತ್ತು ನಡೆದು ಕಿಂಡಿ ಇದೆಯಾ ನೋಡಬೇಕು, ಗೇಟು ಹಾಕಿಯೇ ಚೈನು ಬಿಚ್ಚಬೇಕು. ರೇಬೀಸ್ ಚುಚ್ಚುಮದ್ದಿನ ಚೀಟಿ ಬ್ಯಾಗಲ್ಲಿರಬೇಕು. ನಾಯಿಯಿಂದ ಜನರಿಗೆ ಅಪಾಯವಾಗುವಂತೆ ಅಜಾಗರೂಕತೆ ತೋರಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ತೋಟ ಸುಲ್ತಾನನ ಬೇಟೆ ಬಯಲಿನ ಮುಂದೆ ಏನೂ ಅಲ್ಲ. ನಮ್ಮ ನಾಯಿಗೆ ಅಷ್ಟೇ ಸಾಕು. ಗಿಡಗಳ ನಡುವೆ ಹುಚ್ಚು ಹಿಡಿದಂತೆ ಹತ್ತು ಸುತ್ತು ಹಾಕಿ, ಬಂದು ನನ್ನ ಕಾಲ ಮೇಲೆ ತಲೆ ಇಟ್ಟು ಮಲಗುತ್ತೆ. ಬೇಲಿಯಾಚೆ ಒಮ್ಮೊಮ್ಮೆ ಜಿಂಕಿ ಬಂದು ನಿಂತು ನೋಡುತ್ತವೆ. ಪಾಪ, ಅವಕ್ಕೆ ತಿರುಗಿ ನಿಲ್ಲುವ ಧೈರ್ಯ ಬೇಕಾಗಿಲ್ಲ ಈಗ. ಗೇಟು ಹಾಕಿದ್ದರೆ ಸಾಕು.