ಕೂದಲು ಹೆಣೆದ ಒಡವೆ

1861ರ ಡಿಸೆಂಬರ್ 14ರಂದು ಪತಿ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ 1901ರಲ್ಲಿ ಕಣ್ಣು ಮುಚ್ಚುವವರೆಗೂ ಶೋಕದ ಉಡುಪು ಬಿಡಲಿಲ್ಲ. ಇಂಗ್ಲೆಂಡಿನಲ್ಲಿ ಮೊದಲೇ ಇದ್ದ ಶೋಕದ ಒಡವೆಗಳಿಗೆ ಆಗ ಬೇಡಿಕೆ ಇನ್ನಷ್ಟು ಏರಿತು. ಯಾರ್ಕ್‌ಷೈರ್ ಕರಾವಳಿಯ ವಿಟ್ಬಿಯಲ್ಲಿ ಕಡೆಯುತ್ತಿದ್ದ ಕರಿಯ ‘ಜೆಟ್’ ಕಲ್ಲಿನಂತೆ ಕಂಡರೂ ಕೋಟ್ಯಂತರ ವರ್ಷ ಹೂತಿದ್ದ ಮರ. ಮುಟ್ಟಿದರೆ ಹಗುರ, ಬೆಚ್ಚಗೆ. ಅದರ ಹೆಸರಲ್ಲಿ ಬರುವ ಕಪ್ಪು ಗಾಜು ಭಾರ, ತಣ್ಣಗೆ.

ಮನ ಕಲಕುವುದು ಮಾತ್ರ ಕೂದಲಿನ ಒಡವೆ. ಮೃತರ ಕೂದಲನ್ನು ಹೆಣೆದು ಉಂಗುರ, ಪದಕಗಳಲ್ಲಿ ಗಾಜಿನಡಿ ಇಡುತ್ತಿದ್ದರು. ಅಂಗಡಿಯವನು ಬೇರೆಯವರ ಕೂದಲು ಸೇರಿಸಿಬಿಟ್ಟಾನು ಎಂಬ ಅಂಜಿಕೆಯಿಂದ ಎಷ್ಟೋ ಹೆಂಗಸರು ಹೆಣಿಗೆಯನ್ನು ತಾವೇ ಕಲಿತರು. ಅಂಥ ಅಂಜಿಕೆಗೆ ನಗಲಾದೀತೆ?

ಇಂಥದೊಂದು ತಮ್ಮ ಸಂಗ್ರಹಕ್ಕೆ ಬಂದರೆ ಹೊಳಪು ಕೊಡಿಸಲು ಅವಸರಪಡಬೇಡಿ. ಹಿಂಬದಿಯಲ್ಲಿ ಕೊರೆದ ಹೆಸರು, ಮರಣದ ದಿನ ಸವೆದುಹೋದರೆ ಒಳಗಿನ ಕೂದಲು ಯಾರದೆಂದು ಹೇಳುವವರಿಲ್ಲ.