ಪದ ಪರಿಚಯ: ಜೈವಿಕ ಪರಿಹಾರ

‘ಪರಿಹಾರ’ ಎಂದರೆ ಕನ್ನಡಿಗರ ಮನಸ್ಸು ಬೆಳೆ ಪರಿಹಾರ, ಬರ ಪರಿಹಾರಗಳ ಕಡೆಗೆ ಓಡುತ್ತದೆ. ಹಾಗಾಗಿ ‘ಜೈವಿಕ ಪರಿಹಾರ’ವೂ ಯಾವುದೋ ಸರ್ಕಾರಿ ಯೋಜನೆಯಂತೆ ಕೇಳಿಸೀತು. ಇಂಗ್ಲಿಷಿನ ‘ಬಯೋರೆಮಿಡಿಯೇಷನ್’ಗೆ ಸಾಟಿಯಾಗಿ ಬಂದ ಪದವಿದು. ಗ್ರೀಕಿನ ‘ಬಯೋಸ್’ ಎಂದರೆ ಜೀವ, ಲ್ಯಾಟಿನ್ನಿನ ‘ರೆಮೆಡಿಯಂ’ ಎಂದರೆ ಮದ್ದು. ‘ಜೈವಿಕ ಶುದ್ಧೀಕರಣ’ ಎಂಬ ಇನ್ನೊಂದು ರೂಪವೂ ಇದೆ. ಅರ್ಥ ಅದರಲ್ಲೇ ಹೆಚ್ಚು ನಿಚ್ಚಳ: ಜೀವಿಗಳ ನೆರವಿನಿಂದ ಮಾಲಿನ್ಯ ತೊಡೆಯುವುದು.

ಬಹ್ರೇನ್‌ನಲ್ಲಿ ಈ ಪದಕ್ಕೆ ಕೆಲಸವಿದೆ. 1932ರಲ್ಲಿ ಜೆಬೆಲ್ ದುಖಾನ್ ಬೆಟ್ಟದ ಬುಡದಲ್ಲಿ ಎಣ್ಣೆ ಚಿಮ್ಮಿದ ನಾಡಿದು. ಎಣ್ಣೆ ತೆಗೆದಲ್ಲಿ, ಶುದ್ಧೀಕರಿಸಿದಲ್ಲಿ ಒಂದಿಷ್ಟು ಮಣ್ಣಿಗೂ ಬೀಳುತ್ತದೆ. ಅಂಥ ಮಣ್ಣಿನಲ್ಲಿ ಸ್ಯೂಡೋಮೋನಾಸ್, ರೋಡೋಕಾಕಸ್‌ನಂಥ ಬ್ಯಾಕ್ಟೀರಿಯಾಗಳಿಗೆ ಎಣ್ಣೆಯೇ ಆಹಾರ. ಅದರ ಇಂಗಾಲವನ್ನು ಉಂಡು ನೀರು, ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತವೆ. ಆದರೆ ಬರೀ ಎಣ್ಣೆಯಿಂದ ಹೊಟ್ಟೆ ತುಂಬದು: ಸಾರಜನಕ, ರಂಜಕ, ಗಾಳಿ, ತೇವವೂ ಬೇಕು. ಮರುಭೂಮಿಯಲ್ಲಿ ತೇವವೇ ದುಬಾರಿ! ಆದ್ದರಿಂದ ಮಣ್ಣಿಗೆ ಗೊಬ್ಬರ ಬೆರೆಸಿ, ನೀರುಣಿಸಿ, ಆಗಾಗ ಮಗುಚಿ ಹಾಕುತ್ತಾರೆ.

ನೆರೆಯ ಕುವೈತ್‌ನಲ್ಲಿ 1991ರ ಯುದ್ಧದ ನಂತರ ಒಂದು ಸೋಜಿಗ ಕಂಡಿತು. ಯುದ್ಧದಲ್ಲಿ ಚೆಲ್ಲಿದ ಎಣ್ಣೆ ಕುಡಿದ ಮರಳಲ್ಲೂ ಕಾಡುಗಿಡಗಳು ಹೂಬಿಟ್ಟಿದ್ದವು. ಕಿತ್ತು ನೋಡಿದರೆ ಬೇರುಗಳು ಆರೋಗ್ಯವಾಗಿವೆ, ಸುತ್ತಲಿನ ಮರಳೂ ಸ್ವಚ್ಛ. ಬೇರಿನ ಸುತ್ತ ನೆಲೆಸಿದ್ದ ಸೂಕ್ಷ್ಮಜೀವಿಗಳ ಕೈವಾಡವಿದೆಂದು ಅಲ್ಲಿನ ವಿಜ್ಞಾನಿಗಳು 1995ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು.

ಎಲ್ಲ ಎಣ್ಣೆಯೂ ಇವಕ್ಕೆ ದಕ್ಕುವುದಿಲ್ಲ. ಹಗುರ ಭಾಗ ಬೇಗ ಕರಗುತ್ತದೆ; ಡಾಂಬರಿನಂಥ ಗಟ್ಟಿ ಭಾಗ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ.