ಅಟ್ಟದ ಮ್ಯಾಲಿನ ಕಂಪ್ಯೂಟರ್ ಪೆಟ್ಟಿಗಿ

ಹೋದ ವಾರ ಜಗಳೂರಿಂದ ಚಿಕ್ಕಮ್ಮ ಫೋನ್ ಮಾಡಿದ್ರು. "ಅಟ್ಟದ ಮ್ಯಾಲೆ ನಿಮ್ಮ ಚಿಕ್ಕಪ್ಪನ ಹಳೇ ಕಂಪ್ಯೂಟರ್ ಕೂತೈತಿ. ಗುಜರಿಯವನಿಗೆ ಹಾಕ್ಲೇನೇ?" ಅಂದ್ರು. ಚಿಕ್ಕಪ್ಪ ಹೋಗಿ ನಾಲ್ಕು ವರ್ಷ ಆತು. ಅದರಾಗ ಅವರು ನಮ್ಮ ಮನೆತನದ ವಂಶಾವಳಿ ಕೂಡಿಸಿ ಇಟ್ಟಿದ್ರು. "ಈಗ್ಲೇ ಹಾಕಬ್ಯಾಡ್ರಿ ಚಿಕ್ಕಮ್ಮ" ಅಂದೆ. ಯಾಕ ಅನ್ನೋದು ಫೋನಿನಾಗ ಹೇಳಿ ಮುಗಿಯೋ ಮಾತಲ್ಲ. ಚನ್ನಗಿರಿ ಅಕ್ಕನ ಮನ್ಯಾಗ, ಹೊನ್ನಾಳಿ ಅತ್ತಿಗೆ ಮನ್ಯಾಗ, ನಿಮ್ಮೆಲ್ಲರ ಮನ್ಯಾಗೂ ಇಂಥದೊಂದು ಪೆಟ್ಟಿಗಿ ಇರಬಹುದು. ಅದಕ್ಕ ಇಲ್ಲೇ ಬರೀತೀನಿ.

ಕಂಪ್ಯೂಟರ್‌ನ್ಯಾಗ ಬರೋ ಕನ್ನಡ ಅಕ್ಷರ ನಾನು ಮೊದಲು ನೋಡಿದ್ದು ಪಹಣಿ ಮ್ಯಾಲೆ. 'ಭೂಮಿ' ಯೋಜನೆ ಬಂದು, ಕೈಬರಹದ ಪಹಣಿ ಹೋಗಿ, 15 ರೂಪಾಯಿ ಕೊಟ್ರ ತಾಲ್ಲೂಕು ಕಚೇರ್ಯಾಗ ಅಚ್ಚು ಹಾಕಿ ಕೊಡೋಕೆ ಶುರುವಾದ ಕಾಲ ಅದು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನಾಗ ಇತ್ತು, ಹಂಗಾಗಿ ಪಹಣಿಗೆ ಹೊನ್ನಾಳಿಗೇ ಹೋಗಬೇಕು. ನಮ್ಮತ್ತಿ ಆ ಹಾಳಿ ಹಿಡಕೊಂಡು, "ಶ್ಯಾನುಭೋಗರ ಅಕ್ಷರಕ್ಕಿಂತ ಇದೇ ಚಂದ ಐತಿ" ಅಂದಿದ್ರು.

2002ರಾಗ ನಮ್ಮನಿಗೂ ಒಂದು ಕಂಪ್ಯೂಟರ್ ಬಂತು. ಹೊಸದಲ್ಲ, ಯಾರೋ ಬಳಸಿ ಬಿಟ್ಟದ್ದು. ಅದರಾಗ ವಿಂಡೋಸ್ 98 ಇತ್ತು. ಅದು 1998ರ ಜೂನ್‌ನ್ಯಾಗ ಹೊರಗ ಬಂದದ್ದು. ಅದರ ಮ್ಯಾಲಿನ ಹೊಸದು, ಎಕ್ಸ್‌ಪಿ, 2001ರ ಅಕ್ಟೋಬರ್‌ನ್ಯಾಗ್ಲೇ ಬಂದಿತ್ತು. ಆದ್ರ ನಮ್ಮ ಊರಿನ ಮನಿಗಳಿಗೆ ಹಳೇದು ಮೊದಲು, ಹೊಸದು ಆಮೇಲೆ.

ಆ ಪೆಟ್ಟಿಗಿ ಕಾಟ ಒಂದೆರಡಲ್ಲ. ಒಂದಿನ ಕರೀ ಪರದಿ ಮ್ಯಾಲೆ ಡಿಸ್ಕ್ ತಪ್ಪಾಗೈತಿ ಅಂತ ಇಂಗ್ಲಿಷಿನಾಗ ಬರೆದು ನಿಂತುಬಿಡ್ತು. ಎರಡು ದಿನ ಮುಟ್ಟಲಿಲ್ಲ. ಕಡೀಗೆ ನೋಡಿದ್ರ ನಾನೇ ಫ್ಲಾಪಿ ಒಳಗ ಬಿಟ್ಟಿದ್ದೆ. ಕಂಪ್ಯೂಟರ್ ಮೊದಲು ಫ್ಲಾಪಿ ಬಾಗಿಲು ನೋಡತೈತಿ, ಅಲ್ಲಿ ವಿಂಡೋಸ್ ಇಲ್ಲಂದ್ರ ಅಲ್ಲೇ ನಿಲ್ಲತೈತಿ. ಫ್ಲಾಪಿ ತೆಗೆದು ಒಂದು ಕೀಲಿ ಒತ್ತಿದ್ರ ಮುಗೀತು. ಕರೆಂಟ್ ಹೋದ್ರ ಮತ್ತ ಹಚ್ಚಿದಾಗ ನೀಲಿ ಪರದಿ ಮ್ಯಾಲೆ ಸ್ಕ್ಯಾನ್‌ಡಿಸ್ಕ್ ಓಡ್ತಿತ್ತು. ಅದು ಕೆಟ್ಟದ್ದಲ್ಲ, ಅರ್ಧಕ್ಕ ನಿಂತ ಬರಹ ಎಲ್ಲಿ ಹರಿದೈತಿ ಅಂತ ಹುಡುಕೋ ಕೆಲಸ. ತಾರೀಖು ದಿನಾ ಹಿಂದಕ್ಕ ಹೋದ್ರ ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತೈತಿ ಅಂತ ಅರ್ಥ. ಪರದಿ ಬರದೇ ಬರೀ ಪೀಂ ಪೀಂ ಅಂದ್ರ, ಪ್ಲಗ್ ಕಿತ್ತು, ರ್‍ಯಾಮ್ ಪಟ್ಟಿ ತೆಗೆದು, ಅದರ ಹಳದಿ ಅಂಚು ಮಕ್ಕಳ ರಬ್ಬರಿನಾಗ ಉಜ್ಜಿ ಹಾಕಿದ್ರ ಎಷ್ಟೋ ಸಲ ಏಳ್ತಿತ್ತು. ಜಗಳೂರಿನ ಧೂಳಿಗೆ ಚಿಕ್ಕಪ್ಪ ಇದನ್ನ ತಿಂಗಳಿಗೊಮ್ಮೆ ಮಾಡ್ತಿದ್ರು.

ಇವೆಲ್ಲಾ ಯಂತ್ರದ ಕಾಟ. ಅಕ್ಷರದ ಕಾಟ ಬ್ಯಾರೆ, ಅದೇ ದೊಡ್ಡದು.

ನಮ್ಮತ್ತಿಗೆ ಸೋಬಾನೆ ಪದ ಬಾಯಿಗೆ ಬರ್ತಿದ್ವು. ಅರಿಶಿಣ ಹಚ್ಚೋದು, ಬೀಗರನ್ನ ಎದುರುಗೊಳ್ಳೋದು, ಹೆಣ್ಣು ಒಪ್ಪಿಸೋದು, ಒಂದೊಂದಕ್ಕೂ ಒಂದೊಂದು. 2003ರ ಮಳೆಗಾಲದಾಗ ಅವರು ಹೇಳ್ತಾ ಹೋದ್ರು, ನಾನು ಟೈಪ್ ಮಾಡ್ತಾ ಹೋದೆ. ಒಟ್ಟು 41 ಪದ. ಆಗ ಕನ್ನಡ ಬರಿಯೋಕೆ ಎರಡು ದಾರಿ ಇದ್ವು. ಒಂದು ಶೇಷಾದ್ರಿವಾಸು ಅವರು 1998ರಾಗ ತಂದ 'ಬರಹ'. ಇನ್ನೊಂದು ಕನ್ನಡ ಗಣಕ ಪರಿಷತ್ತಿನ 'ನುಡಿ', ಸರ್ಕಾರಿ ಕಚೇರಿಗಳಾಗ ಬಳಸೋದು. ನಾನು ನುಡಿ ಹಾಕ್ಕೊಂಡಿದ್ದೆ. ಅದರ ಕೀಲಿಮಣೆಗೆ ಮೂಲ ಕೆ.ಪಿ. ರಾವ್ ಅವರು ಮಾಡಿದ ಜೋಡಣಿ. ಕ ಬೇಕಂದ್ರ ಇಂಗ್ಲಿಷಿನ 'ಕೆ', ಒತ್ತು ಬೇಕಂದ್ರ ನಡುವೆ 'ಎಫ್'. ಟೈಪಿಂಗ್ ಕಲಿಯದ ನನ್ನಂಥವಳಿಗೂ ಒಂದು ವಾರದಾಗ ಕೈ ಕುದುರಿತು.

2006ರಾಗ ಎಕ್ಸ್‌ಪಿ ಇರೋ ಹೊಸ ಕಂಪ್ಯೂಟರ್ ತಂದ್ವಿ. ಫ್ಲಾಪಿ ಹಾಕಿ ಪದ ತೆಗೆದೆ. ಒಂದು ಅಕ್ಷರ ಕನ್ನಡ ಇಲ್ಲ. ತಲಿ ಮ್ಯಾಲೆ ಟೋಪಿ, ಚುಕ್ಕಿ, ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತಿ. ನೋಡೋಕೆ ಬಂದ ರಿಪೇರಿಯವರು, "ವೈರಸ್ ಐತಿ, ಎರಡೂ ಫಾರ್ಮ್ಯಾಟ್ ಮಾಡಬೇಕು" ಅಂದ್ರು. ಅತ್ತಿ ಅಲ್ಲೇ ಬಾಗಿಲ ಹತ್ರ ಕೂತಿದ್ರು. ಆ ಹೊತ್ತಿಗೆ ಅವರಿಗೆ ಮರೆವು ಶುರುವಾಗಿತ್ತು, ಎಷ್ಟೋ ಪದ ಅರ್ಧಕ್ಕ ನಿಲ್ತಿದ್ವು. ನನಗ ಯಾಕೋ ಮನಸ್ಸು ಒಪ್ಪಲಿಲ್ಲ, ನಾಳಿ ಬರ್ರಿ ಅಂದೆ.

ವಿಷಯ ಏನಂದ್ರ, ಅದು ವೈರಸ್ ಅಲ್ಲ. ಆಗಿನ ಫಾಂಟಿಗೆ ಇದ್ದದ್ದು 256 ಮನೆ. ಇಂಗ್ಲಿಷ್ ಅಕ್ಷರ ಕೂರೋ ಮನಿಗಳಾಗೇ ನಮ್ಮ ತಲಕಟ್ಟು, ಕೊಂಬು, ಒತ್ತುಗಳ ಚೂರು ಕೂರಿಸಿದ್ರು. ಕಂಪ್ಯೂಟರ್ ನೆನಪಿಟ್ಟದ್ದು ಮನೆ ನಂಬರ್ ಅಷ್ಟೇ. ನುಡಿ ಫಾಂಟ್ ಇದ್ರ ಆ ನಂಬರಿಗೆ ಕನ್ನಡ ಚೂರು ತೋರಿಸತೈತಿ, ಇಲ್ಲಂದ್ರ ಆ ಮನ್ಯಾಗಿನ ಇಂಗ್ಲಿಷನ್ನೇ ತೋರಿಸತೈತಿ. ಬರಹ ಎಲ್ಲೂ ಹೋಗಿರಲಿಲ್ಲ, ಓದೋ ಕಣ್ಣು ಇರಲಿಲ್ಲ ಅಷ್ಟೇ.

ಹಳೇ ಕಂಪ್ಯೂಟರ್‌ನ್ಯಾಗ ವಿಂಡೋಸ್ ಫೋಲ್ಡರ್ ಒಳಗ ಫಾಂಟ್ಸ್ ಅಂತ ಇರೋದನ್ನ ತೆಗೆದೆ. ನುಡಿ ಫಾಂಟುಗಳನ್ನ ಫ್ಲಾಪಿಗೆ ಹಾಕ್ಕೊಂಡೆ. ಹೊಸದರ ಕಂಟ್ರೋಲ್ ಪ್ಯಾನೆಲ್‌ನ್ಯಾಗ ಫಾಂಟ್ಸ್ ತೆಗೆದು, ಫೈಲ್ ಪಟ್ಟಿಯಿಂದ ಹೊಸ ಫಾಂಟ್ ಕೂಡಿಸಿದೆ. ಕಡತ ಮುಚ್ಚಿ ಮತ್ತ ತೆಗೆದ್ರ ಪದ ಎಲ್ಲಾ ಕೂತಿದ್ವು. ಅತ್ತಿಗೆ ಓದಿ ಹೇಳಿದೆ, ನಿಂತ ಸಾಲನ್ನ ಅವರೇ ಎತ್ತಿಕೊಂಡು ಹಾಡಿದ್ರು.

ಚನ್ನಗಿರಿ ಅಕ್ಕಗೆ ಆ ಭಾಗ್ಯ ಇರಲಿಲ್ಲ. ಅವರ ಮನ್ಯಾಗೂ ಇದೇ ಮಾತು ಕೇಳಿ ಫಾರ್ಮ್ಯಾಟ್ ಮಾಡಿಸಿದ್ರು. ಭಾವನವರು ಬರೆದಿಟ್ಟ ತೋಟದ ದಿನಚರಿ ಆರು ವರ್ಷದ್ದು ಹೋತು. ಅಕ್ಕ ಇವತ್ತಿಗೂ ಆ ಮಾತು ಎತ್ತಂಗಿಲ್ಲ.

ಎಕ್ಸ್‌ಪಿ ಬಂದ ಮ್ಯಾಲೆ ಇನ್ನೊಂದು ದಾರಿ ತೆರೀತು, ಯೂನಿಕೋಡ್. 1991ರಾಗೇ ಅದರಾಗ ಕನ್ನಡಕ್ಕ ತನ್ನದೇ 128 ಮನೆ ಕೊಟ್ಟಿದ್ರು, ಯಾರ ಮನ್ಯಾಗೂ ಬಾಡಿಗಿ ಇರಬೇಕಿಲ್ಲ. ಎಕ್ಸ್‌ಪಿ ಜೊತಿಗೆ 'ತುಂಗಾ' ಅನ್ನೋ ಕನ್ನಡ ಫಾಂಟ್ ಬಂತು. ಆದ್ರ ಕನ್ನಡ ವಿಕಿಪೀಡಿಯದಂಥ ಪುಟ ತೆಗೆದ್ರ ಬರೀ ಚೌಕ, ಇಲ್ಲಂದ್ರ ಒತ್ತು ಒಂದು ಕಡಿ, ಅಕ್ಷರ ಒಂದು ಕಡಿ. ಕಂಟ್ರೋಲ್ ಪ್ಯಾನೆಲ್‌ನ್ಯಾಗ ಪ್ರದೇಶ ಮತ್ತು ಭಾಷೆ ಅನ್ನೋದರಾಗ, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಇರೋ ಚೌಕಕ್ಕ ಗುರುತು ಹಾಕಿ, ಎಕ್ಸ್‌ಪಿ ಸಿಡಿ ಕೇಳಿದ್ರ ಕೊಟ್ಟು, ಒಮ್ಮೆ ಆರಿಸಿ ಹಚ್ಚಬೇಕಿತ್ತು. ಅಷ್ಟಕ್ಕೇ ಒತ್ತು ಬಂದು ತನ್ನ ಜಾಗದಾಗ ಕೂರ್ತಿತ್ತು.

2014ರ ಏಪ್ರಿಲ್ 8ಕ್ಕ ಎಕ್ಸ್‌ಪಿಗೆ ಕಂಪನಿಯವರ ದುರಸ್ತಿ ನಿಂತು ಹೋತು. ಅದಕ್ಕ ಹಳೇ ಪೆಟ್ಟಿಗಿಗೆ ಇಂಟರ್‌ನೆಟ್ ಹಚ್ಚಬ್ಯಾಡ್ರಿ. ಬ್ಯಾಂಕಿನ ಕೆಲಸ ಅಂತೂ ಅದರಾಗ ಬ್ಯಾಡವೇ ಬ್ಯಾಡ. ಆದ್ರ ಒಳಗಿನ ಬರಹ ತೆಗೀಬಹುದು. ಪೆಟ್ಟಿಗಿ ಹೊತ್ತದಿದ್ರೂ ಚಿಂತಿಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ, ಐಡಿಇ ಡಿಸ್ಕನ್ನ ಯುಎಸ್‌ಬಿಗೆ ಜೋಡಿಸೋ ವೈರ್ ಹಾಕಿದ್ರ ಈಗಿನ ಲ್ಯಾಪ್‌ಟಾಪ್ ಅದನ್ನ ಪೆನ್ ಡ್ರೈವ್ ಥರ ಓದತೈತಿ, ಡಿಸ್ಕ್ ಸತ್ತಿರಬಾರದು ಅಷ್ಟೇ. "ಫಾರ್ಮ್ಯಾಟ್ ಮಾಡ್ಲಾ?" ಅಂತ ಪರದಿ ಕೇಳಿದ್ರ ಬ್ಯಾಡ ಅನ್ರಿ. ಮೊದಲು ಎಲ್ಲಾ ನಕಲು ಮಾಡ್ಕೋಬೇಕು, ಫಾಂಟ್ಸ್ ಫೋಲ್ಡರ್ ಸಮೇತ. ಆಮೇಲೆ ಬರಹದಂಥ ತಂತ್ರಾಂಶದ ಪರಿವರ್ತಕದಾಗ ಹಾಕಿ ಯೂನಿಕೋಡಿಗೆ ತಿರುಗಿಸಿದ್ರ ಮೊಬೈಲಿನಾಗೂ ಓದಬಹುದು. ತಿರುಗಿಸಿದ ಮ್ಯಾಲೆ ಅರ್ಕಾವೊತ್ತು, ಅಂಕಿ ಒಮ್ಮೆ ಕಣ್ಣಾಡಿಸಿ ನೋಡ್ರಿ, ಅಲ್ಲಲ್ಲಿ ತಪ್ಪಿರತಾವು.

ನಮ್ಮತ್ತಿ 2009ರಾಗ ಹೋದ್ರು. 41ರಾಗ 38 ಪದ ಉಳಿದಾವು. ಮೂರು ಒಂದೇ ಫ್ಲಾಪಿಯಾಗ ಇದ್ವು, ಅದಕ್ಕ ಬೂಸ್ಟು ಹಿಡಿದಿತ್ತು. ಅವನ್ನ ಡಿಸ್ಕಿನಾಗ ಇಟ್ಟಿರಲಿಲ್ಲ, ಆ ತಪ್ಪು ನನ್ನದೇ.

ಚಿಕ್ಕಮ್ಮ, ಮಾನಿಟರ್ ಬೇಕಾದ್ರ ಗುಜರಿಗೆ ಹಾಕ್ರಿ. ಪೆಟ್ಟಿಗಿ ಮಾತ್ರ ಒಂದು ಹಳೇ ಸೀರಿಯಾಗ ಸುತ್ತಿ ಇಟ್ಟಿರ್ರಿ. ಮುಂದಿನ ಅಮಾಸಿಗೆ ನಾನೇ ಬಂದು ತರ್ತೀನಿ.